ಕ್ರೈಸ್ತ ಮರಣ ಮತ್ತು ನಮ್ಮ ನಾಡಿನ ಆಚಾರಗಳು

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಸತ್ಯನಾರಾಯಣಪೇಟೆಯ ಭಕ್ತಾದಿಗಳ ಮುಂದೆ ನೀಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳ ಹಬ್ಬದ ಸಂಭ್ರಮದಲ್ಲಿ ಮರಣದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಪ್ರತಿಯೊಂದು ಧರ್ಮಕೇಂದ್ರವೂ ಕಾಪಾಡಿಕೊಂಡು ಬರಬೇಕಾದ ದಾಖಲೆ ಪುಸ್ತಕಗಳಲ್ಲಿ ದೀಕ್ಷಾಸ್ನಾನದ ಪುಸ್ತಕ, ವಿವಾಹದ ಪುಸ್ತಕಗಳ ಜೊತೆಗೆ ಮರಣದ ಪುಸ್ತಕವೂ ಒಂದಿದೆ. ದೇವಾಲಯವನ್ನು ಕಟ್ಟಿದವರು, ಮೊದಲ ಗಂಟೆಯನ್ನು ಬಾರಿಸಿದವರು, ನಮ್ಮ ಅಜ್ಜ ಅಜ್ಜಿಯರಿಗೆ ಮಂತ್ರಜಪಗಳನ್ನು ಕಲಿಸಿದ ಉಪದೇಶಿಗಳು, ಇವರೆಲ್ಲರ ಹೆಸರುಗಳು ಈಗ ಆ ಮೂರನೆಯ ಪುಸ್ತಕದಲ್ಲಿವೆ. ಅವರನ್ನು ಬಿಟ್ಟು ಶತಮಾನೋತ್ಸವವಿಲ್ಲ. ಆದುದರಿಂದ ಸಾಯುವವರ ಬಳಿ ನಾವು ಹೇಗಿರಬೇಕು, ಸತ್ತವರನ್ನು ಹೇಗೆ ಕಳುಹಿಸಿಕೊಡಬೇಕು, ಅವರ ಮನೆಯವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಈ ಸಂದರ್ಭದಲ್ಲಿ ಒಟ್ಟಿಗೆ ಆಲೋಚಿಸುವುದು ಉಚಿತವೇ ಆಗಿದೆ.

ನಮ್ಮ ಊರಿನ ಆಚಾರ

ಬಳ್ಳಾರಿ ಹಲವು ನುಡಿಗಳ ಊರು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಇದು ಮದರಾಸು ಪ್ರಾಂತಕ್ಕೆ ಸೇರಿತ್ತು. ಕಂಟೋನ್ಮೆಂಟಿನ ಕಾಲದಿಂದ ಬಂದ ತಮಿಳು ಕುಟುಂಬಗಳು, ಸುತ್ತಲಿನ ತೆಲುಗು ಮನೆತನಗಳು, ಕನ್ನಡದ ಒಕ್ಕಲುಗಳು, ಕರಾವಳಿಯಿಂದ ಉದ್ಯೋಗಕ್ಕಾಗಿ ಬಂದ ಕೊಂಕಣಿಗರು, ಎಲ್ಲರೂ ಸೇರಿ ಇಲ್ಲಿನ ಕಥೋಲಿಕ ಸಮುದಾಯವಾಗಿದೆ. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತವು ಸ್ಥಾಪನೆಯಾದಾಗಲೂ ಈ ಬೆರಕೆಯೇ ನಮ್ಮ ಸಂಪತ್ತಾಗಿತ್ತು. ಸಾವಿನ ಮನೆಯಲ್ಲಿ ಒಂದು ಮೂಲೆಯಿಂದ ಕನ್ನಡದ ಜಪಸರ, ಇನ್ನೊಂದು ಮೂಲೆಯಿಂದ ತೆಲುಗಿನ ಕೀರ್ತನೆ ಕೇಳಿಬಂದರೆ ಇಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ನಮ್ಮ ನೆರೆಹೊರೆಯವರಿಂದಲೂ ನಾವು ಬಹಳಷ್ಟನ್ನು ಪಡೆದಿದ್ದೇವೆ. ಹೂಳುವ ಪದ್ಧತಿಯು ಕ್ರೈಸ್ತರಿಗೆ ಮಾತ್ರ ಸೇರಿದುದೆಂದು ದೇಶದ ಕೆಲವು ಕಡೆ ಭಾವಿಸುವುದುಂಟು. ನಮ್ಮ ಸೀಮೆಯಲ್ಲಿ ಹಾಗಿಲ್ಲ. ಕುರುಗೋಡು, ಸಿರುಗುಪ್ಪಗಳ ಕಡೆಯ ಲಿಂಗಾಯತ ಬಂಧುಗಳು ಲಿಂಗೈಕ್ಯರಾದವರನ್ನು ಕುಳ್ಳಿರಿಸಿ ಸಮಾಧಿ ಮಾಡುತ್ತಾರೆ. ಮುಸ್ಲಿಂ ಬಂಧುಗಳು ದೇಹವನ್ನು ತೊಳೆದು, ಬಿಳಿಯ ಬಟ್ಟೆ ಸುತ್ತಿ, ಹೂಳುತ್ತಾರೆ. ಶವಸಂಸ್ಕಾರಕ್ಕೆ ಹೋಗಿಬಂದುದನ್ನು ನಮ್ಮ ಜನರು 'ಮಣ್ಣಿಗೆ ಹೋಗಿದ್ದೆವು' ಎಂದೇ ಹೇಳುತ್ತಾರೆ. ಹಿಡಿ ಮಣ್ಣನ್ನು ಗುಂಡಿಗೆ ಹಾಕುವುದಕ್ಕೆ 'ಮಣ್ಣು ಕೊಡುವುದು' ಎನ್ನುತ್ತಾರೆ. ಎಂತಹ ಅರ್ಥವತ್ತಾದ ಮಾತು! ಹಾಕುವುದಲ್ಲ, ಕೊಡುವುದು. ಸತ್ತವನಿಗೆ ನಾವು ಸಲ್ಲಿಸುವ ಕಡೆಯ ಋಣ ಅದು.

ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂಬ ಪದ್ಧತಿಯನ್ನು ನೋಡಿರಿ. ಇದನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಅದರ ಫಲವೇನು? ಅಕ್ಕಪಕ್ಕದ ಮನೆಗಳಿಂದ ರೊಟ್ಟಿ, ಅನ್ನ, ಸಾರು ಬರುತ್ತದೆ. ಅತ್ತು ಬಳಲಿದ ತಾಯಿಯನ್ನು ಯಾರೋ ಕುಳ್ಳಿರಿಸಿ ಎರಡು ತುತ್ತು ಉಣ್ಣಿಸುತ್ತಾರೆ. ಇಂತಹ ಆಚಾರದಲ್ಲಿ ಶುಭಸಂದೇಶವು ಮೊದಲೇ ನೆಲೆಸಿದೆಯೆಂದರೆ ತಪ್ಪಾಗಲಾರದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ದೈವಾರಾಧನಾ ವಿಧಿಯ ಶಾಸನದಲ್ಲಿ, ಶವಸಂಸ್ಕಾರದ ವಿಧಿಯು ಕ್ರೈಸ್ತ ಮರಣದ ಪಾಸ್ಖ ಸ್ವರೂಪವನ್ನು ಸ್ಪಷ್ಟವಾಗಿ ತೋರಿಸಬೇಕು, ಆಯಾ ನಾಡಿನ ಸಂಪ್ರದಾಯಗಳಿಗೂ ಹೊಂದಿಕೊಳ್ಳಬೇಕು ಎಂದು ವಿಧಿಸಿತು. ಅದರಂತೆ 1969ರಲ್ಲಿ ಹೊಸ ಶವಸಂಸ್ಕಾರ ವಿಧಿ ಬಂದಿತು.

ಹಾಗಾದರೆ ಯಾವ ಆಚಾರವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ನಮಗೆ ಎರಡು ಪ್ರಶ್ನೆಗಳು ಸಾಕೆಂದು ತೋರುತ್ತದೆ. ಈ ಆಚಾರವು ಪುನರುತ್ಥಾನದ ಭರವಸೆಯೊಡನೆ ಹೊಂದಿಕೊಳ್ಳುತ್ತದೆಯೇ? ದುಃಖದಲ್ಲಿರುವವರ ಹೊರೆಯನ್ನು ಇದು ಇಳಿಸುತ್ತದೆಯೇ, ಹೆಚ್ಚಿಸುತ್ತದೆಯೇ? ಈ ಎರಡನ್ನು ಕೈಯಲ್ಲಿ ಹಿಡಿದು ರೋಗಿಯ ಹಾಸಿಗೆಯಿಂದ ಸಮಾಧಿಯವರೆಗೆ ಒಮ್ಮೆ ನಡೆದು ಬರೋಣ.

ರೋಗಿಯ ಹಾಸಿಗೆಯ ಬಳಿ

ಕಾಯಿಲೆ ಬಿದ್ದವರು ಸಭೆಯ ಹಿರಿಯರನ್ನು ಕರೆಸಿಕೊಳ್ಳಲಿ, ಅವರು ಪ್ರಾರ್ಥಿಸಿ ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಲಿ ಎಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಬೋಧಿಸಿದ್ದಾರೆ. ಕಾಲಕ್ರಮದಲ್ಲಿ ಈ ಸಂಸ್ಕಾರಕ್ಕೆ 'ಅಂತ್ಯಾಭ್ಯಂಗ' ಎಂಬ ಹೆಸರು ಬಂದು, ಜನರ ಮನಸ್ಸಿನಲ್ಲಿ ಭಯವೊಂದು ಬೇರೂರಿತು. ಸ್ವಾಮಿಯವರು ಎಣ್ಣೆಯ ಭರಣಿಯೊಡನೆ ಮನೆಗೆ ಬಂದರೆ ರೋಗಿಯ ಕಥೆ ಮುಗಿಯಿತೆಂದೇ ಹಲವರು ತಿಳಿದರು. ರೋಗಿಯು ಹೆದರಿಯಾನೆಂದು ಪ್ರಜ್ಞೆ ತಪ್ಪುವವರೆಗೆ ಗುರುಗಳನ್ನು ಕರೆಯದೆ ಇರುವುದು ಇಂದಿಗೂ ನಮ್ಮ ಮನೆಗಳಲ್ಲಿ ನಿಂತಿಲ್ಲ. ಕೆಲವೊಮ್ಮೆ ಕರೆ ಬರುವಷ್ಟರಲ್ಲಿ ಉಸಿರು ನಿಂತಿರುತ್ತದೆ. ಸತ್ತವರಿಗೆ ಈ ಸಂಸ್ಕಾರವನ್ನು ಕೊಡಲಾಗದು.

1972ರಲ್ಲಿ ಪರಮಪೂಜ್ಯ ಆರನೆಯ ಪೌಲರು ಈ ಸಂಸ್ಕಾರದ ವಿಧಿಯನ್ನು ಪರಿಷ್ಕರಿಸಿದರು. ಇದು ಕೊನೆಯ ಗಳಿಗೆಯವರಿಗೆ ಮಾತ್ರ ಮೀಸಲಾದುದಲ್ಲ. ಗಂಭೀರ ಕಾಯಿಲೆಯವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ಮುಪ್ಪಿನಿಂದ ಬಲಗುಂದಿದವರು ಎಲ್ಲರೂ ಪಡೆಯಬಹುದು. ಹಿಂದೆ ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲುಗಳಿಗೆ ಹಚ್ಚುತ್ತಿದ್ದ ಎಣ್ಣೆಯನ್ನು ಈಗ ಹಣೆಗೂ ಕೈಗಳಿಗೂ ಹಚ್ಚುತ್ತಾರೆ. ಇದು ರೋಗಿಗೆ ಬಲವನ್ನು ತರುವ ಸಂಸ್ಕಾರ. ಸಾಯುವವರಿಗೆಂದೇ ಇರುವ ಸಂಸ್ಕಾರ ಬೇರೊಂದಿದೆ. ಅದು ಕೊನೆಯ ಪರಮಪ್ರಸಾದ. ಲತೀನಿನಲ್ಲಿ ಅದನ್ನು ವಿಯಾಟಿಕಂ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ದಾರಿಯ ಬುತ್ತಿ. ದೂರದ ಊರಿಗೆ ಹೊರಟವರಿಗೆ ಬುತ್ತಿ ಕಟ್ಟಿಕೊಡದೆ ಯಾವ ತಾಯಿ ಕಳುಹಿಸುತ್ತಾಳೆ? ರೋಗಿಗೆ ಅರಿವಿರುವಾಗಲೇ, ಪಾಪನಿವೇದನೆ ಮಾಡುವ ಶಕ್ತಿ ಇರುವಾಗಲೇ, ನುಂಗಲು ಸಾಧ್ಯವಿರುವಾಗಲೇ ಗುರುಗಳಿಗೆ ತಿಳಿಸಿರಿ.

ಮನೆಯವರು ಮಾಡಬೇಕಾದುದು ಕಷ್ಟದ ಕೆಲಸವಲ್ಲ. ಹಾಸಿಗೆಯ ಬಳಿ ಒಂದು ಚಿಕ್ಕ ಮೇಜು, ಅದರ ಮೇಲೆ ಬಿಳಿಯ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಪವಿತ್ರ ಜಲ. ಫೆಬ್ರವರಿ 2ರ ಹಬ್ಬದಲ್ಲಿ ಆಶೀರ್ವದಿಸಿದ ಮೇಣದಬತ್ತಿಯನ್ನು ತೆಗೆದಿರಿಸಿ, ಕೊನೆಯ ಗಳಿಗೆಯಲ್ಲಿ ಹಚ್ಚಿ ರೋಗಿಯ ಕೈಯಲ್ಲಿ ಹಿಡಿಸುವ ವಾಡಿಕೆ ನಮ್ಮ ಹಿರಿಯರಲ್ಲಿತ್ತು. ಯೇಸು, ಮರಿಯ, ಜೋಸೆಫ್ ಎಂಬ ನಾಮಗಳನ್ನು ಕಿವಿಯಲ್ಲಿ ಮೆಲ್ಲನೆ ಉಚ್ಚರಿಸುತ್ತಿದ್ದರು. ಹಿಂದೂ ಮನೆಯಲ್ಲಿ ದೇವರ ನಾಮಸ್ಮರಣೆ, ಮುಸ್ಲಿಂ ಮನೆಯಲ್ಲಿ ಕಲಿಮಾ, ನಮ್ಮ ಮನೆಯಲ್ಲಿ ಯೇಸುನಾಮ. ಕಡೆಯ ಉಸಿರು ದೇವರ ಹೆಸರಿನೊಡನೆ ಹೋಗಬೇಕೆಂಬ ಹಂಬಲ ಎಲ್ಲರದ್ದೂ ಒಂದೇ. ಇಂದು ಹಲವರು ಆಸ್ಪತ್ರೆಯಲ್ಲಿ, ಯಂತ್ರಗಳ ನಡುವೆ ಪ್ರಾಣ ಬಿಡುತ್ತಾರೆ. ಅಲ್ಲಿಯೂ ಒಬ್ಬರು ಕೈಹಿಡಿದು ಜಪ ಹೇಳಲು ಅಡ್ಡಿಯಿಲ್ಲ. ಗುರುಗಳು ಸಮಯಕ್ಕೆ ಬರಲಾಗದಿದ್ದರೂ, ಬದುಕಿನಲ್ಲಿ ಪ್ರಾರ್ಥನೆಯ ಅಭ್ಯಾಸವಿದ್ದು ಸಿದ್ಧಮನಸ್ಸಿನಿಂದ ಸಾಯುವವರಿಗೆ ಧರ್ಮಸಭೆಯು ಪೂರ್ಣ ದಂಡವಿಮೋಚನೆಯನ್ನು ದಯಪಾಲಿಸಿದೆಯೆಂಬುದು ಎಲ್ಲರಿಗೂ ತಿಳಿದಿರಲಿ.

ಮನೆಯಿಂದ ಸಮಾಧಿಯವರೆಗೆ

ಉಸಿರು ನಿಂತ ಕೂಡಲೆ ಮನೆಗೆ ಸೂತಕ ತಟ್ಟಿತೆಂದು ದೂರ ಸರಿಯುವವರು ನಮ್ಮಲ್ಲಿಯೂ ಇದ್ದಾರೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಶವವನ್ನು ಮುಟ್ಟಿದವರು ಅಶುದ್ಧರಾಗುತ್ತಿದ್ದರು. ಆದರೂ ಯೇಸುಸ್ವಾಮಿಯು ನಾಯಿನ್ ಊರಿನ ವಿಧವೆಯ ಮಗನ ಚಟ್ಟವನ್ನು ಮುಟ್ಟಿದರು. ಯಾಯಿರನ ಮಗಳ ಕೈಯನ್ನು ಹಿಡಿದರು. ಪ್ರಭುವು ಮುಟ್ಟಿದುದನ್ನು ನಾವು ಮೈಲಿಗೆಯೆನ್ನುವುದು ಹೇಗೆ? ದೀಕ್ಷಾಸ್ನಾನದಲ್ಲಿ ತೊಳೆಯಲ್ಪಟ್ಟ, ಪರಮಪ್ರಸಾದವನ್ನು ಸ್ವೀಕರಿಸಿದ ದೇಹವದು. ಆದ್ದರಿಂದಲೇ ಅದರ ಮೇಲೆ ಪವಿತ್ರ ಜಲವನ್ನು ಚಿಮುಕಿಸುತ್ತಾರೆ, ಧೂಪಾರತಿ ಎತ್ತುತ್ತಾರೆ, ಪಾಸ್ಖ ಮೇಣದಬತ್ತಿಯನ್ನು ಪಕ್ಕದಲ್ಲಿ ಉರಿಸುತ್ತಾರೆ. ಸಾವಿನ ಮನೆಯವರು ದೇವಾಲಯಕ್ಕೆ ಬರಬಾರದ ದಿನ ಒಂದೂ ಇಲ್ಲ. ಬರಲೇಬೇಕಾದ ದಿನಗಳು ಅವು.

ರಾತ್ರಿ ಜಾಗರಣೆಯಲ್ಲಿ ನಮ್ಮ ನೆರೆಯವರು ತಂಬೂರಿ, ತಾಳಗಳೊಡನೆ ಭಜನೆ ಮಾಡುತ್ತಾರೆ. ನಾವು ಜಪಸರ ಹೇಳುತ್ತೇವೆ, ಶುಭಸಂದೇಶ ಓದುತ್ತೇವೆ, ಕೀರ್ತನೆ ಹಾಡುತ್ತೇವೆ. ಹೆಂಗಸರು ಹಾಡಿಕೊಂಡು ಅಳುವುದನ್ನು ಕೆಲವರು ಗದರಿಸಿ ನಿಲ್ಲಿಸುವುದುಂಟು. ಅದು ಸಲ್ಲದು. ಲಾಜರನ ಸಮಾಧಿಯ ಬಳಿ ಪ್ರಭುವೇ ಕಣ್ಣೀರು ಸುರಿಸಿದರು. ಭರವಸೆ ಇಲ್ಲದವರಂತೆ ದುಃಖಿಸಬೇಡಿರೆಂಬುದು ಸಂತ ಪೌಲರ ಬುದ್ಧಿವಾದ. ದುಃಖಿಸಲೇಬೇಡಿರೆಂದು ಅವರು ಹೇಳಲಿಲ್ಲ.

ದಹನದ ವಿಷಯದಲ್ಲಿ ಪ್ರಶ್ನೆಗಳು ಹೆಚ್ಚುತ್ತಿವೆ. 1963ರಲ್ಲಿ ಧರ್ಮಸಭೆಯು ದಹನದ ಮೇಲಿದ್ದ ನಿಷೇಧವನ್ನು ಸಡಿಲಿಸಿತು. 1983ರ ಧರ್ಮಸಭಾ ಕಾನೂನು ಹೂಳುವ ಪುಣ್ಯಪದ್ಧತಿಯನ್ನು ಹೃತ್ಪೂರ್ವಕವಾಗಿ ಶಿಫಾರಸು ಮಾಡುತ್ತದೆ. ಕ್ರೈಸ್ತ ಬೋಧನೆಗೆ ವಿರೋಧವಾದ ಕಾರಣದಿಂದಲ್ಲದಿದ್ದರೆ ದಹನವನ್ನು ನಿಷೇಧಿಸುವುದಿಲ್ಲ. 2016ರ ಸೂಚನೆಯಂತೆ ಅಸ್ಥಿಭಸ್ಮವನ್ನು ಪವಿತ್ರ ಸ್ಥಳದಲ್ಲಿ ಇರಿಸಬೇಕು. ನದಿಯಲ್ಲಾಗಲಿ ಗಾಳಿಯಲ್ಲಾಗಲಿ ಚೆಲ್ಲಬಾರದು. ಬೇರೆ ಧರ್ಮದವರೊಡನೆ ಸಂಬಂಧ ಬೆಳೆಸಿದ ಕುಟುಂಬಗಳಲ್ಲಿ ಇದು ನೋವಿನ ಜಗಳಗಳಿಗೆ ಕಾರಣವಾಗುತ್ತದೆ. ಶವವನ್ನು ಅಂಗಳದಲ್ಲಿರಿಸಿಕೊಂಡು ವಾದಿಸುವುದಕ್ಕಿಂತ ಮೊದಲೇ ಗುರುಗಳೊಡನೆ ಕುಳಿತು ಮಾತನಾಡಿಕೊಳ್ಳುವುದು ಲೇಸು.

ಮೂರನೆಯ ದಿನ, ಏಳನೆಯ ದಿನ, ತಿಂಗಳು

ನಮ್ಮ ಸೀಮೆಯಲ್ಲಿ ಮೂರನೆಯ ದಿನ ಸಮಾಧಿಗೆ ಹೋಗಿ ಹಾಲು ತುಪ್ಪ ಬಿಡುವ ವಾಡಿಕೆ ಬಹುಜನರಲ್ಲಿದೆ. ಧರ್ಮಸಭೆಯ ಹಳೆಯ ಪೂಜಾಗ್ರಂಥದಲ್ಲಿಯೂ ಮೂರನೆಯ, ಏಳನೆಯ ಮತ್ತು ಮೂವತ್ತನೆಯ ದಿನಗಳಿಗೆ ಮೃತರ ಪೂಜೆಗಳು ನಿಗದಿಯಾಗಿದ್ದವು. ನಾಲ್ಕನೆಯ ಶತಮಾನದ ಸಂತ ಅಂಬ್ರೋಸರ ಕಾಲದಲ್ಲಿಯೇ ಈ ದಿನಗಳ ಆಚರಣೆ ಇತ್ತು. ಮೂರನೆಯ ದಿನ ನಮಗೆ ಪುನರುತ್ಥಾನದ ದಿನ. ಸಮಾಧಿಗೆ ಹೂವು, ಮೇಣದಬತ್ತಿಗಳೊಡನೆ ಹೋಗಿ ಪ್ರಾರ್ಥಿಸಿ ಬರುವುದು ನಮ್ಮ ವಿಶ್ವಾಸಕ್ಕೂ ನಾಡಿನ ಹೃದಯಕ್ಕೂ ಹೊಂದುವ ಆಚಾರ.

ಆದರೆ ಸತ್ತವರು ಬಂದು ಉಣ್ಣುತ್ತಾರೆಂದು ಎಡೆ ಇಡುವುದು? ಇದಕ್ಕೆ ಉತ್ತರವನ್ನು ಸಂತ ಮೋನಿಕಾರವರ ಜೀವನದಿಂದ ಪಡೆಯೋಣ. ಆಫ್ರಿಕದ ತಮ್ಮ ಊರಿನಲ್ಲಿ ಅವರು ರಕ್ತಸಾಕ್ಷಿಗಳ ಸಮಾಧಿಗಳಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸಗಳನ್ನು ಒಯ್ಯುವ ವಾಡಿಕೆಯಿಟ್ಟುಕೊಂಡಿದ್ದರು. ಮಿಲಾನಿಗೆ ಬಂದಾಗ, ಅಲ್ಲಿನ ಧರ್ಮಾಧ್ಯಕ್ಷ ಅಂಬ್ರೋಸರು ಇದನ್ನು ನಿಷೇಧಿಸಿದ್ದಾರೆಂದು ಬಾಗಿಲು ಕಾಯುವವನು ತಡೆದನು. ಮೋನಿಕಾ ವಾದಿಸಲಿಲ್ಲ, ಕೋಪಿಸಿಕೊಳ್ಳಲಿಲ್ಲ. ಅಂದಿನಿಂದ ಸಮಾಧಿಗೆ ಪ್ರಾರ್ಥನೆಯನ್ನು ಒಯ್ದರು. ಅನ್ನವನ್ನು ಬಡವರಿಗೆ ಹಂಚಿದರು. ಈ ವಿಷಯವನ್ನು ಅವರ ಮಗ ಸಂತ ಅಗಸ್ಟೀನರೇ ಬರೆದಿದ್ದಾರೆ. 387ರಲ್ಲಿ ಓಸ್ತಿಯಾ ಬಂದರಿನಲ್ಲಿ ಮರಣಶಯ್ಯೆಯಲ್ಲಿದ್ದಾಗ ಆಕೆ ಮಕ್ಕಳಿಗೆ ಹೇಳಿದ್ದೇನು? ಈ ದೇಹವನ್ನು ಎಲ್ಲಿ ಬೇಕಾದರೂ ಇಡಿರಿ, ಪ್ರಭುವಿನ ಬಲಿಪೀಠದ ಬಳಿ ನನ್ನನ್ನು ನೆನೆದರೆ ಸಾಕು ಎಂಬ ಅರ್ಥದ ಮಾತು. ಆಚಾರವನ್ನು ಮುರಿದೆಸೆಯದೆ ತಿದ್ದಿಕೊಳ್ಳುವ ದಾರಿ ಇದು. ಎಡೆಯ ಅನ್ನವು ಹಸಿದವನ ಕೈಸೇರಲಿ. ಸತ್ತವರ ಹೆಸರು ಬಲಿಪೀಠವನ್ನು ಸೇರಲಿ.

ಮೃತರಿಗಾಗಿ ಪ್ರಾರ್ಥಿಸುವುದು ನಮ್ಮ ವಿಶ್ವಾಸದ ಹಳೆಯ ಸಂಪತ್ತು. ಯೂದ ಮಕ್ಕಬಿಯನು ಯುದ್ಧದಲ್ಲಿ ಮಡಿದವರ ಪಾಪಪರಿಹಾರ ಬಲಿಗಾಗಿ ಎರಡು ಸಾವಿರ ಬೆಳ್ಳಿಯ ನಾಣ್ಯಗಳನ್ನು ಯೆರೂಸಲೇಮಿಗೆ ಕಳುಹಿಸಿದನು. ಕ್ಲೂನಿ ಮಠದ ಸಂತ ಓದಿಲೋರವರಿಂದ ಹರಡಿದ ನವೆಂಬರ್ 2ರ ಸ್ಮರಣೆ ಇಂದು ಜಗತ್ತಿಗೆಲ್ಲ ಸೇರಿದೆ. ಆ ದಿನ ಪ್ರತಿ ಗುರುವೂ ಮೂರು ಪೂಜೆಗಳನ್ನು ಅರ್ಪಿಸುವ ಅನುಮತಿಯನ್ನು 1915ರಲ್ಲಿ, ಮಹಾಯುದ್ಧದ ನಡುವೆ, ಪರಮಪೂಜ್ಯ ಹದಿನೈದನೆಯ ಬೆನೆಡಿಕ್ಟರು ಕೊಟ್ಟರು. ನವೆಂಬರ್ 1ರಿಂದ 8ರವರೆಗೆ ಸಮಾಧಿ ಭೂಮಿಗೆ ಹೋಗಿ ಪ್ರಾರ್ಥಿಸುವವರು, ನಿಯಮಿತ ಷರತ್ತುಗಳಂತೆ, ಮೃತರಿಗಾಗಿ ಪೂರ್ಣ ದಂಡವಿಮೋಚನೆಯನ್ನು ಗಳಿಸಬಹುದು. ವರ್ಷವಿಡೀ ಕಳೆ ಬೆಳೆದ ಸಮಾಧಿಗೆ ಒಂದು ದಿನ ಸುಣ್ಣ ಬಳಿದು ಮರೆತುಬಿಡುವುದು ಮಾತ್ರ ಸ್ಮರಣೆಯಾಗದು.

ಬಿಡಬೇಕಾದ ಆಚಾರಗಳು

ಈಗ ಕಷ್ಟದ ಮಾತುಗಳಿಗೆ ಬರೋಣ.

ಮೊದಲನೆಯದು ವಿಧವೆಯರ ಮಾತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ನಾಲ್ಕು ಜನರ ನಡುವೆ ಕುಳ್ಳಿರಿಸಿ, ಬಳೆ ಒಡೆದು, ಹೂವು ಕಿತ್ತು, ತಾಳಿ ತೆಗೆಯುವ ಪದ್ಧತಿಯು ನಮ್ಮ ಕೆಲವು ಕಥೋಲಿಕ ಮನೆಗಳಲ್ಲಿಯೂ ಉಳಿದಿದೆ. ಆಮೇಲೆ ಮದುವೆ, ನಾಮಕರಣಗಳಲ್ಲಿ ಅವಳು ಹಿಂದಿನ ಸಾಲಿಗೆ ಸರಿಯಬೇಕು. ಧರ್ಮಸಭೆಯ ಯಾವ ವಿಧಿಗ್ರಂಥದಲ್ಲಿಯೂ ಇಂತಹ ಕರ್ಮವಿಲ್ಲ. ಗುರುಗಳು ಆಶೀರ್ವದಿಸಿ ಕಟ್ಟಿಸಿದ ತಾಳಿಯನ್ನು ಕೀಳುವ ಅಧಿಕಾರವನ್ನು ಬಂಧುಗಳಿಗೆ ಯಾರೂ ಕೊಟ್ಟಿಲ್ಲ. ಅದನ್ನು ಧರಿಸುವುದೋ ತೆಗೆದಿಡುವುದೋ ಅವಳ ಇಚ್ಛೆ. ನಮ್ಮ ಗಡಿಯಾಚೆಗಿನ ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಗ್ರಾಮಸಭೆಯು 2022ರ ಮೇ ತಿಂಗಳಿನಲ್ಲಿ ಈ ಪದ್ಧತಿಗಳನ್ನು ನಿಲ್ಲಿಸುವ ನಿರ್ಣಯ ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರವು ಇತರ ಗ್ರಾಮಗಳೂ ಅದನ್ನು ಅನುಸರಿಸುವಂತೆ ಸೂಚಿಸಿತು. ಹಳ್ಳಿಯ ಪಂಚಾಯಿತಿಯೊಂದು ಮಾಡಿದುದನ್ನು ಪುನರುತ್ಥಾನವನ್ನು ಸಾರುವ ಸಮುದಾಯ ಮಾಡಲಾರದೆ? ಪುನರುತ್ಥಾನದ ವಾರ್ತೆಯನ್ನು ಮೊದಲು ಕೇಳಿದವರು ಸಮಾಧಿಯ ಬಳಿಗೆ ಅಳುತ್ತ ಹೋದ ಹೆಂಗಸರೇ ಅಲ್ಲವೇ!

ಎರಡನೆಯದು ಸಾಲದ ಮಾತು. ತಿಂಗಳ ಊಟಕ್ಕೆ ನೂರಾರು ಜನರನ್ನು ಕರೆಯದಿದ್ದರೆ ಮಾನ ಹೋಗುವುದೆಂಬ ಭಯದಿಂದ, ಕಾಯಿಲೆಯ ಖರ್ಚಿನಿಂದಲೇ ಬರಿದಾದ ಮನೆಯು ಮತ್ತೆ ಸಾಲ ಮಾಡುತ್ತದೆ. ಆಡಂಬರದ ಶವಪೆಟ್ಟಿಗೆ, ಪಟಾಕಿ, ಕುಡಿತ ಇವು ಮೃತರಿಗೆ ಯಾವ ನೆರವನ್ನೂ ನೀಡವು. ಶವಸಂಸ್ಕಾರದಲ್ಲಿ ಪಕ್ಷಪಾತ ಕೂಡದು, ಬಡವರಿಗೆ ಯೋಗ್ಯವಾದ ಸಂಸ್ಕಾರ ತಪ್ಪಬಾರದು ಎಂದು ಧರ್ಮಸಭಾ ಕಾನೂನಿನ 1181ನೆಯ ವಿಧಿಯು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಒಂದು ಮರಣ ಸಹಾಯ ನಿಧಿ ಇರಲಿ. ಸಿರಿವಂತನಿಗೂ ಕೂಲಿಯವನಿಗೂ ಹೊದಿಸುವ ಒಂದೇ ಬಿಳಿಯ ಹೊದಿಕೆ ದೇವಾಲಯದಲ್ಲಿರಲಿ.

ಮೂರನೆಯದು ಜಾತಿಯ ಮಾತು. ನೆರೆಯ ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಕಥೋಲಿಕ ಸಮಾಧಿ ಭೂಮಿಯೊಂದರ ನಡುವೆಯೇ ದಲಿತರನ್ನು ಬೇರ್ಪಡಿಸುವ ಗೋಡೆ ಎದ್ದಿತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತರ ಸಬಲೀಕರಣ ನೀತಿಯನ್ನು ಪ್ರಕಟಿಸಬೇಕಾಗಿ ಬಂದುದು ಇಂತಹ ಗೋಡೆಗಳಿಂದಲೇ. ಗೋಡೆ ಕಲ್ಲಿನದೇ ಆಗಬೇಕಿಲ್ಲ. ಯಾರ ಮನೆಯ ಸಾವಿಗೆ ನಾವು ಓಡಿಹೋಗುತ್ತೇವೆ, ಯಾರ ಮನೆಯ ಸಾವಿಗೆ ಹೋಗದೆ ಉಳಿಯುತ್ತೇವೆ ಎಂಬುದನ್ನು ಪರೀಕ್ಷಿಸಿಕೊಂಡರೆ ಸಾಕು.

ನಾಲ್ಕನೆಯದು ಆತ್ಮಹತ್ಯೆಯಿಂದ ಮಡಿದವರ ಮಾತು. 1917ರ ಕಾನೂನು ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಮನಸ್ಸಿನ ಕಾಯಿಲೆ, ಭಯ, ಸಂಕಟಗಳು ಹೊಣೆಯನ್ನು ತಗ್ಗಿಸುತ್ತವೆಂದೂ ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಧರ್ಮಸಭೆ ಬೋಧಿಸುತ್ತದೆ. ಬೆಳೆ ಕೈಕೊಟ್ಟು, ಸಾಲ ಮೇಲೇರಿ, ರೈತನೊಬ್ಬ ವಿಷ ಕುಡಿದಾಗ ಅವನ ಮನೆಯವರಿಗೆ ಬೇಕಾದುದು ಪಿಸುಮಾತುಗಳಲ್ಲ. ಅಂತಹ ಮನೆಯ ಅಂಗಳ ಬರಿದಾಗಿರಬಾರದು.

ಸತ್ತವರನ್ನು ಹೂಳುವ ದಯಾಕಾರ್ಯ

ಸತ್ತವರನ್ನು ಹೂಳುವುದು ಏಳು ದೈಹಿಕ ದಯಾಕಾರ್ಯಗಳಲ್ಲಿ ಒಂದು. ಅನ್ಯದೇಶದಲ್ಲಿ ಸೆರೆಯಾಳಾಗಿದ್ದ ತೋಬಿತನು ಊಟವನ್ನು ಬಿಟ್ಟೆದ್ದು, ರಾಜನ ಕೋಪಕ್ಕೂ ಅಂಜದೆ ಅನಾಥ ಶವಗಳನ್ನು ಹೂಳುತ್ತಿದ್ದನು. ಅರಿಮತಾಯದ ಜೋಸೆಫನು ತನಗೆಂದು ತೋಡಿಸಿದ್ದ ಸಮಾಧಿಯನ್ನೇ ಪ್ರಭುವಿಗೆ ಬಿಟ್ಟುಕೊಟ್ಟನು.

ಇದು ಹಳೆಯ ಕಥೆಯಲ್ಲವೆಂಬುದನ್ನು ನಮ್ಮ ಊರೇ ಕಂಡಿದೆ. 2020ರ ಜೂನ್ ತಿಂಗಳ ಕೊನೆಯಲ್ಲಿ, ಕೋವಿಡ್‌ನಿಂದ ಮೃತರಾದವರ ದೇಹಗಳನ್ನು ನಮ್ಮ ಬಳ್ಳಾರಿಯಲ್ಲಿಯೇ ಒಂದು ಗುಂಡಿಗೆ ಎಸೆದ ದೃಶ್ಯ ಹೊರಬಂದಾಗ ನಾಡೆಲ್ಲ ತಲ್ಲಣಿಸಿತು. ಜಿಲ್ಲಾಡಳಿತವು ಕ್ಷಮೆ ಕೋರಿ ತನಿಖೆಗೆ ಆದೇಶಿಸಿತು. ಆ ದಿನಗಳಲ್ಲಿ ಎಲ್ಲರಿಗೂ ಭಯವಿತ್ತು; ಗುಂಡಿಯ ಬಳಿ ನಿಂತಿದ್ದ ಕೆಲಸಗಾರರಿಗೂ ಇತ್ತು. ಯಾರನ್ನೋ ದೂಷಿಸಿ ಕೈತೊಳೆದುಕೊಳ್ಳಲು ಇದನ್ನು ನಾವು ನೆನೆಯುತ್ತಿಲ್ಲ. ಆ ದೃಶ್ಯ ಕಂಡು ಹಿಂದೂ, ಮುಸ್ಲಿಂ, ಕ್ರೈಸ್ತರೆನ್ನದೆ ಎಲ್ಲರೂ ಏಕೆ ನೊಂದರು? ಮನುಷ್ಯನ ದೇಹವನ್ನು ಎಸೆಯಬಾರದು, ಇಳಿಸಬೇಕು ಎಂಬುದು ನಮ್ಮೆಲ್ಲರ ರಕ್ತದಲ್ಲಿದೆ. ಮಣ್ಣು ಹಾಕುವುದಕ್ಕೂ ಮಣ್ಣು ಕೊಡುವುದಕ್ಕೂ ಇರುವ ಅಂತರ ಅಂದು ಎಲ್ಲರ ಕಣ್ಣಿಗೆ ಕಂಡಿತು.

ಪ್ರೀತಿಯ ಭಕ್ತಾದಿಗಳೇ, ಶತಮಾನೋತ್ಸವದ ನೆನಪಿಗಾಗಿ ಗೋಪುರ, ಕಮಾನುಗಳನ್ನು ಕಟ್ಟುವುದು ಒಳ್ಳೆಯದೇ. ಅವುಗಳೊಡನೆ ಈ ನಿರ್ಧಾರಗಳನ್ನೂ ಮಾಡೋಣ. ನಮ್ಮ ನಡುವೆ ಯಾರೂ ದಾರಿಯ ಬುತ್ತಿಯಿಲ್ಲದೆ ಹೊರಡಬಾರದು. ಯಾವ ಬಡವನ ಶವವೂ ನಾಲ್ಕು ಹೆಗಲುಗಳಿಗಾಗಿ ಕಾಯಬಾರದು. ಯಾವ ವಿಧವೆಯ ಕೈಯ ಬಳೆಯನ್ನೂ ಬಂಧುಗಳು ಒಡೆಯಬಾರದು. ಯಾವ ಮನೆಯೂ ಸಾವಿನ ಊಟಕ್ಕಾಗಿ ಸಾಲಗಾರನ ಬಾಗಿಲಿಗೆ ಹೋಗಬಾರದು. ಬೇರೆ ಧರ್ಮದ ನೆರೆಯವರ ಮನೆಯಲ್ಲಿ ಸಾವಾದರೆ ನಾವೂ ಮಣ್ಣಿಗೆ ಹೋಗೋಣ. ನಮ್ಮ ಮನೆಯಿಂದಲೂ ರೊಟ್ಟಿಯ ಬುಟ್ಟಿ ಹೋಗಲಿ.

ಈ ನೂರು ವರ್ಷಗಳಲ್ಲಿ ಇಲ್ಲಿಂದ ಹೊರಟುಹೋದ ಸಕಲ ವಿಶ್ವಾಸಿಗಳಿಗೂ, ಅವರೊಡನೆ ಪ್ರಾರ್ಥಿಸುವವರಿಲ್ಲದೆ ಮಡಿದ ಈ ಊರಿನ ಎಲ್ಲ ಮೃತರಿಗೂ ದೇವರು ತಮ್ಮ ಸನ್ನಿಧಿಯಲ್ಲಿ ವಿಶ್ರಾಂತಿಯನ್ನು ಅನುಗ್ರಹಿಸಲಿ.